ಬಸುರಿಯ ಜೊತೆ ಫೈಲೂ ತವರಿಗೆ ಹೋಗಲಿ

ಏಳನೇ ತಿಂಗಳಲ್ಲಿ ಸೀಮಂತ. ಹಸಿರು ಬಳೆ, ಮೊಗ್ಗಿನ ಜಡೆ, ಬಗೆಬಗೆಯ ಚಿತ್ರಾನ್ನ, ಫೋಟೊ. ಮಾರನೇ ವಾರ ತವರಿಗೆ ಪ್ರಯಾಣ. ಸೂಟ್‌ಕೇಸಿನಲ್ಲಿ ಕಾಟನ್ ನೈಟಿ, ಅತ್ತೆ ಕಟ್ಟಿಕೊಟ್ಟ ಕೋಡುಬಳೆ ಎಲ್ಲಾ ಇರುತ್ತೆ. ಡಾಕ್ಟರ ಫೈಲು ಮಾತ್ರ ಎಷ್ಟೋ ಸಲ ಗಂಡನ ಮನೆಯ ಬೀರುವಿನಲ್ಲೇ ಉಳಿದುಬಿಡುತ್ತದೆ. "ಅಲ್ಲಿ ಹೊಸ ಡಾಕ್ಟರು ಹೇಗೂ ನೋಡ್ತಾರಲ್ಲ" ಅನ್ನೋ ಧೈರ್ಯ.

ಆ ಫೈಲಿನಲ್ಲಿರುವ ಮೊದಲ ಸ್ಕ್ಯಾನಿನ ಹಾಳೆಯ ಬೆಲೆ ಗೊತ್ತಾಗುವುದು, ಎಂಟನೇ ತಿಂಗಳಲ್ಲಿ ಹೊಸ ಡಾಕ್ಟರು "ಮಗು ಸ್ವಲ್ಪ ಸಣ್ಣಗಿದೆಯಲ್ಲಮ್ಮ" ಅಂದಾಗ. ಸಣ್ಣಗೆ ಅಂದರೆ ಯಾವುದಕ್ಕೆ ಹೋಲಿಸಿ? 34 ವಾರಕ್ಕೆ ಸಣ್ಣದಾದ ಮಗು 31 ವಾರಕ್ಕೆ ಸರಿಯಾಗೇ ಇರಬಹುದು. ಕೊನೆಯ ಮುಟ್ಟಿನ ದಿನ ನೆನಪಿಲ್ಲದವರು, ಮುಟ್ಟು ಏರುಪೇರಾಗುವವರು ನಮ್ಮಲ್ಲಿ ಬೇಕಾದಷ್ಟು ಮಂದಿ. 11ರಿಂದ 14 ವಾರದೊಳಗಿನ ಸ್ಕ್ಯಾನಿನಲ್ಲಿ ಮಗುವಿನ ಉದ್ದ ಅಳೆದು ಹೇಳುವ ವಯಸ್ಸು ಹೆಚ್ಚೆಂದರೆ ಒಂದು ವಾರ ಆಚೀಚೆ ಆದೀತು. ಎಂಟನೇ ತಿಂಗಳಲ್ಲಿ ಹೊಸದಾಗಿ ವಯಸ್ಸು ಲೆಕ್ಕ ಹಾಕಹೊರಟರೆ ಮೂರು ವಾರದಷ್ಟು ತಪ್ಪಬಹುದು. ಅಷ್ಟು ಹೊತ್ತಿಗೆ ಒಂದೊಂದು ಮಗುವಿನ ಮೈಕಟ್ಟು ಒಂದೊಂದು ಥರ.

ಬೆಳವಣಿಗೆ ನೋಡುವ ಸ್ಕ್ಯಾನಿನಲ್ಲಿ ಅಳೆಯುವುದು ಮುಖ್ಯವಾಗಿ ನಾಲ್ಕು: ತಲೆಯ ಅಗಲ, ತಲೆಯ ಸುತ್ತಳತೆ, ತೊಡೆಮೂಳೆಯ ಉದ್ದ, ಹೊಟ್ಟೆಯ ಸುತ್ತಳತೆ. ಇದರಲ್ಲಿ ಮೊದಲು ಗುಟ್ಟು ಬಿಟ್ಟುಕೊಡುವುದು ಹೊಟ್ಟೆ. ಮಾಸಿನಿಂದ ಆಹಾರ, ಆಮ್ಲಜನಕ ಸಾಲದೇ ಹೋದಾಗ ಮಗು ಇದ್ದುದನ್ನು ಮಿದುಳಿಗೆ ಕಳಿಸುತ್ತದೆ. ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ಖರ್ಚಾಗುತ್ತದೆ, ಹೊಟ್ಟೆ ಸಣ್ಣಗಾಗುತ್ತದೆ. ನಮ್ಮ ಮನೆಗಳಲ್ಲಿ ತಿಂಗಳ ಕೊನೆಗೆ ಬೇರೆಲ್ಲ ಖರ್ಚು ಕಡಿಮೆ ಮಾಡಿ ಮಕ್ಕಳ ಫೀಸು ಮಾತ್ರ ಕಟ್ಟುತ್ತೀವಲ್ಲ, ಹೆಚ್ಚುಕಡಿಮೆ ಹಾಗೇ.

ಅದೇ ವಾರದ ನೂರು ಮಕ್ಕಳನ್ನು ತೂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಕೊನೆಯ ಹತ್ತರೊಳಗೆ ಬರುವ ಮಗುವನ್ನು 'ಸಣ್ಣ ಮಗು' ಅನ್ನುತ್ತಾರೆ. ಆದರೆ ಸಣ್ಣದೆಲ್ಲ ಕಾಯಿಲೆಯಲ್ಲ. ಅಪ್ಪ ಅಮ್ಮ ಇಬ್ಬರೂ ಕುಳ್ಳಗಿದ್ದರೆ ಮಗು ಪೈಲ್ವಾನನಂತೆ ಇರಬೇಕೆಂದರೆ ಹೇಗೆ? ಅದಕ್ಕೇ ಒಂದು ಸ್ಕ್ಯಾನ್ ನೋಡಿ ತೀರ್ಮಾನ ಮಾಡುವುದಿಲ್ಲ. ಎರಡು ಮೂರು ವಾರ ಬಿಟ್ಟು ಮತ್ತೆ ಅಳೆದು ಬೆಳವಣಿಗೆ ನಿಂತಿದೆಯಾ, ಸಾಗಿದೆಯಾ ನೋಡುತ್ತಾರೆ. ಸ್ಕ್ಯಾನು ಹೇಳುವ ತೂಕವೂ ಅಂದಾಜೇ. ಎರಡು ಕಿಲೋ ಅಂತ ಬರೆದಿದ್ದರೆ ನಿಜವಾಗಿ 1.7ರಿಂದ 2.3ರವರೆಗೆ ಎಷ್ಟಾದರೂ ಇರಬಹುದು. ಜೊತೆಗೆ ಡಾಪ್ಲರ್ ಅಂತ ಒಂದಿದೆ. ಹೊಕ್ಕುಳಬಳ್ಳಿಯಲ್ಲಿ ರಕ್ತ ಹೇಗೆ ಹರಿಯುತ್ತಿದೆ ಅಂತ ಅದು ತೋರಿಸುತ್ತದೆ. ನಿಜವಾದ ತೊಂದರೆ ಯಾವುದು, ಬರೀ ಸಣ್ಣ ಮೈ ಯಾವುದು ಅಂತ ಬೇರ್ಪಡಿಸಲು ಅದು ದೊಡ್ಡ ಸಹಾಯ.

ಇಷ್ಟು ಹೇಳುವುದಕ್ಕೆ ಕಾರಣವಿದೆ. "ಮಗು ಸಣ್ಣಗಿದೆ" ಅಂದ ಕೂಡಲೇ ಮನೆಯಲ್ಲಿ ಶುರುವಾಗುವುದು ವಿಚಾರಣೆ. "ನೀನು ಸರಿಯಾಗಿ ತಿನ್ನಲಿಲ್ಲ", "ಆಫೀಸಿಗೆ ಹೋಗಬೇಡ ಅಂದೆ, ಕೇಳಲಿಲ್ಲ". ಪಾಪ, ಆ ಹುಡುಗಿ ಮೂಲೆಯಲ್ಲಿ ಕೂತು ಅಳುತ್ತಾಳೆ. ತಮಾಷೆ ಅಂದರೆ, "ಜಾಸ್ತಿ ತಿಂದ್ರೆ ಮಗು ದಪ್ಪಗಾಗಿ ಹೆರಿಗೆ ಕಷ್ಟ ಆಗುತ್ತೆ" ಅಂದಿದ್ದೂ ಅದೇ ಮನೆಯವರೇ! ಊಟ ಸಾಲದಿರುವುದು, ರಕ್ತಹೀನತೆ ಕಾರಣ ಆಗಬಹುದು, ಇಲ್ಲವೆನ್ನುವುದಿಲ್ಲ. ಆದರೆ ಮಾಸೇ ಸರಿಯಾಗಿ ಕೆಲಸ ಮಾಡದಿದ್ದರೆ, ಬಿ.ಪಿ. ಏರಿದ್ದರೆ, ಕೆಲವು ಸೋಂಕುಗಳಿದ್ದರೆ, ಅವಳಿ ಇದ್ದರೆ, ಎಷ್ಟು ತುಪ್ಪ ಬಡಿಸಿದರೂ ಮಗುವಿಗೆ ತಲುಪುವುದಿಲ್ಲ. ಮಗುವನ್ನು ಒಳಗೇ ದಪ್ಪ ಮಾಡುವ ಟಾನಿಕ್ ಇಲ್ಲ. ಡಾಕ್ಟರು ಮಾಡುವುದು ಕಾವಲು. ಯಾವಾಗ ಹೊರಗೆ ತೆಗೆದರೆ ಕ್ಷೇಮ ಅಂತ ಲೆಕ್ಕ ಹಾಕುತ್ತಾರೆ, ಬೇಗನೆ ಹೆರಿಗೆ ಮಾಡಿಸಬೇಕಾಗಿ ಬಂದರೆ ಶ್ವಾಸಕೋಶ ಬಲಿಯಲು ತಾಯಿಗೆ ಇಂಜೆಕ್ಷನ್ ಕೊಡುತ್ತಾರೆ. ಈ ಕಾವಲು ತಪ್ಪಿದರೆ ಮಗು ಹೊಟ್ಟೆಯಲ್ಲೇ ಹೋಗಿಬಿಡುವ ಅಪಾಯ ಇದೆ.

ಹಾಗಂತ ತಿಂಗಳಿಗೊಂದು ಸ್ಕ್ಯಾನ್ ಮಾಡಿಸಿ ಅನ್ನುತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಎಲ್ಲ ಬಸುರಿಯರಿಗೂ ಹೇಳಿದ್ದು 24 ವಾರದೊಳಗೆ ಒಂದು ಸ್ಕ್ಯಾನ್. ಆಮೇಲೆ ಎಷ್ಟು ಬೇಕು ಅನ್ನುವುದು ನಿಮ್ಮ ಬಿ.ಪಿ., ಸಕ್ಕರೆ, ಹಿಂದಿನ ಹೆರಿಗೆ ನೋಡಿ ಡಾಕ್ಟರು ಹೇಳಬೇಕು. ಪ್ರತಿ ಸಲ ಹೊಟ್ಟೆಯ ಮೇಲೆ ಟೇಪು ಹಿಡಿದು ಅಳೆಯುತ್ತಾರಲ್ಲ, ಅದನ್ನೂ ಹಗುರವಾಗಿ ಕಾಣಬೇಡಿ. 24 ವಾರದ ನಂತರ ಆ ಸೆಂಟಿಮೀಟರು ಹೆಚ್ಚುಕಡಿಮೆ ವಾರದ ಲೆಕ್ಕಕ್ಕೆ ಹೊಂದಬೇಕು. ಹಿಂದೆ ಬಿತ್ತೆಂದರೆ ಸ್ಕ್ಯಾನ್ ಬರೆಯುತ್ತಾರೆ. ಅಳೆಯದೇ ಕಳಿಸುತ್ತಿದ್ದರೆ "ಒಮ್ಮೆ ನೋಡಿ ಡಾಕ್ಟ್ರೇ" ಅಂತ ಕೇಳುವುದಕ್ಕೆ ಸಂಕೋಚ ಯಾಕೆ? ಕೇಳಬಾರದ ಪ್ರಶ್ನೆ ಒಂದೇ, ಗಂಡೋ ಹೆಣ್ಣೋ ಅಂತ. 1994ರ ಕಾಯ್ದೆಯ ಪ್ರಕಾರ ಅದು ಅಪರಾಧ.

ತವರಿಗೆ ಹೊರಡುವಾಗ ಮೊದಲ ಸ್ಕ್ಯಾನಿನಿಂದ ಹಿಡಿದು ಎಲ್ಲ ಹಾಳೆ, ತಾಯಿ ಕಾರ್ಡು, ರಕ್ತಪರೀಕ್ಷೆಯ ಚೀಟಿ ಒಂದೇ ಪ್ಲಾಸ್ಟಿಕ್ ಫೋಲ್ಡರಿನಲ್ಲಿ ಕೈಚೀಲಕ್ಕೆ ಹಾಕಿ. ಸೂಟ್‌ಕೇಸಿಗೆ ಬೇಡ. ಮೊಬೈಲಿನಲ್ಲೂ ಒಂದೊಂದು ಫೋಟೊ ಇರಲಿ. ಮಗು ಒದೆಯುವುದು ಕಡಿಮೆಯಾಗಿದೆ ಅನ್ನಿಸಿದರೆ ಮುಂದಿನ ಸ್ಕ್ಯಾನಿನ ತಾರೀಖಿಗೆ ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಿ, ರಾತ್ರಿಯಾಗಿದ್ದರೂ ಸರಿ. ಇನ್ನು ನಿಮ್ಮ ಮನೆಗೆಲಸಕ್ಕೆ ಬರುವ ಹುಡುಗಿ ಬಸುರಿಯಾಗಿದ್ದರೆ, ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ತಪಾಸಣೆ ಇರುತ್ತದೆ. ಅವತ್ತು ಅವಳಿಗೆ ರಜೆ ಕೊಡಿ, ಸಂಬಳ ಹಿಡಿಯಬೇಡಿ.