ಗೆದ್ದ ಹಣಕ್ಕೂ ಪರವಾನಗಿ ಬೇಕೆ?

2019ರ ಸೆಪ್ಟೆಂಬರ್‌ನಲ್ಲಿ ಟೋಕಿಯೋ ಗೇಮ್ ಶೋ ಅಂಗವಾಗಿ ನಡೆದ, ಹೊಡೆದಾಟದ ವಿಡಿಯೋ ಗೇಮ್ 'ಸ್ಟ್ರೀಟ್ ಫೈಟರ್ 5' ಪಂದ್ಯಾವಳಿಯ ಪ್ರಥಮ ಬಹುಮಾನ 50 ಲಕ್ಷ ಯೆನ್. ಗೆದ್ದವರು ಯುಸುಕೆ ಮೊಮೊಚಿ. ಅವರ ಕೈಸೇರಿದ್ದು 1 ಲಕ್ಷ ಯೆನ್‌ಗಿಂತಲೂ ಕಡಿಮೆ!

ಜಪಾನ್ ಇ-ಸ್ಪೋರ್ಟ್ಸ್ ಒಕ್ಕೂಟ ನೀಡುವ ವೃತ್ತಿಪರ ಪರವಾನಗಿ ಅವರ ಬಳಿ ಇರಲಿಲ್ಲ. 2014ರಲ್ಲಿ 'ಕ್ಯಾಪ್ಕಾಮ್ ಕಪ್' ಹಾಗೂ 2015ರಲ್ಲಿ ಅಮೆರಿಕದ 'ಇವೊ' ಎರಡನ್ನೂ ಗೆದ್ದಿದ್ದ ಆಟಗಾರನಿಗೆ ಅದು ದುರ್ಲಭವೇನಲ್ಲ. ಅದರ ಅಗತ್ಯವನ್ನೇ ಪ್ರಶ್ನಿಸಿ ಅವರೇ ನಿರಾಕರಿಸಿದ್ದರು.

ಆಟಗಾರರ ಪ್ರವೇಶಧನದಿಂದಲೇ ಗೆದ್ದವರಿಗೆ ಹಣ ಹಂಚುವುದು 'ಇವೊ' ಪದ್ಧತಿ. ಜಪಾನಿನಲ್ಲಿ ಅದು ಜೂಜೆನಿಸಿಕೊಳ್ಳುವ ಭಯ. ಆಟ ತಯಾರಿಸಿದ ಕಂಪನಿಯೇ ಹಣ ನೀಡಿದರೆ ಅದು ಗ್ರಾಹಕರಿಗೆ ಒಡ್ಡುವ ಆಮಿಷವಾಗುತ್ತದೆ, ಹಾಗಾಗಿ ಗರಿಷ್ಠ 1 ಲಕ್ಷ ಯೆನ್ ಮಿತಿ. ಪರವಾನಗಿ ಉಳ್ಳವರಿಗೆ ಕೊಡುವುದು ಬಹುಮಾನವಲ್ಲ, ದುಡಿಮೆಯ ಸಂಭಾವನೆ ಎಂಬ ವ್ಯಾಖ್ಯಾನದ ಮೂಲಕ ಒಕ್ಕೂಟ ದಾರಿ ಹುಡುಕಿತು. ಜಾಣ ಉಪಾಯವೇ ಸರಿ. ಆದರೆ 2018ರಲ್ಲಿ ಸ್ಥಾಪನೆಯಾದ ಈ ಒಕ್ಕೂಟದ ಬೆನ್ನಿಗಿರುವುದು ಗೇಮ್ ಉದ್ಯಮವೇ. ಆಟ ಮಾರುವವರ ಕೂಟವೇ ಯಾರು ವೃತ್ತಿಪರರೆಂದು ನಿರ್ಧರಿಸುವುದು ಎಷ್ಟು ಸಮಂಜಸ? ಮೊಮೊಚಿ ನಡೆಯನ್ನು ಹಠವೆಂದೇ ಕರೆದರೂ, ಅದಕ್ಕೆ ತೆತ್ತ ಬೆಲೆ 49 ಲಕ್ಷ ಯೆನ್‌ಗೂ ಅಧಿಕ.

ಅದೇ ಟೋಕಿಯೋದ ಸುಮೊ ಕುಸ್ತಿಯ ಕ್ರೀಡಾಂಗಣ ರ್ಯೋಗೊಕು ಕೊಕುಗಿಕಾನ್‌ನಲ್ಲಿ 2025ರ ಮಾರ್ಚ್‌ನಲ್ಲಿ 'ಕ್ಯಾಪ್ಕಾಮ್ ಕಪ್' ನಡೆಯಿತು. ವಿಜೇತರು ಜಪಾನಿನವರೇ ಆದ ಕಕೆರು. ಪ್ರಥಮ ಬಹುಮಾನ 10 ಲಕ್ಷ ಡಾಲರ್.