ಐದು ನಿಮಿಷದ ತಬಲಾ ಸಾಕು



ಯಾದಗಿರಿ, ಶಹಾಪುರ, ಸುರಪುರದ ಸಂಗೀತ ಪಾಠಶಾಲೆಗಳು ಮಕ್ಕಳ ತಬಲಾ ಕಾರ್ಯಕ್ರಮ ಇಟ್ಟುಕೊಂಡಾಗ ಒಬ್ಬೊಬ್ಬರಿಗೆ 5 ನಿಮಿಷ ಕೊಟ್ಟರೆ ಸಾಕು. ಅಷ್ಟರಲ್ಲಿ ಮಗು ಏನು ನುಡಿಸೀತು ಎಂದು ಪಾಲಕರು ಕೇಳುವುದು ಸಹಜ. ನಿಮಿಷಕ್ಕೆ 120 ಮಾತ್ರೆಯ ಲಯದಲ್ಲಿ, 16 ಮಾತ್ರೆಯ ತೀನ್‌ತಾಲದ ಒಂದು ಆವರ್ತನಕ್ಕೆ 8 ಸೆಕೆಂಡು ಹಿಡಿಯುತ್ತದೆ. 5 ನಿಮಿಷಕ್ಕೆ 37 ಆವರ್ತನಗಳಾದವು. ಒಂದು ಕಾಯ್ದಾ (ಮೂಲ ಬೋಲ್‌ಗಳ ರಚನೆ), ಅದರ ಕೆಲವು ಪಲ್ಟಾ (ಮಾರ್ಪಾಡು), ಕೊನೆಗೊಂದು ತಿಹಾಯಿ (ಮೂರು ಬಾರಿ ನುಡಿಸುವ ಮುಕ್ತಾಯ) ಅದರಲ್ಲಿ ಧಾರಾಳವಾಗಿ ಹಿಡಿಸುತ್ತವೆ.

ನಿಜಕ್ಕೂ ಹೊತ್ತು ತಿನ್ನುವುದು ಶ್ರುತಿ. ಪ್ರತಿಯೊಬ್ಬರೂ ತಮ್ಮದೇ ತಬಲಾ ತಂದು, ವೇದಿಕೆಯ ಮೇಲೆ ಸುತ್ತಿಗೆ ಹಿಡಿದು ಗಟ್ಟ, ಗಜರೆ ಬಡಿಯುತ್ತ ಕೂತರೆ ಸಭೆ ಖಾಲಿಯಾಗುತ್ತದೆ. ಒಂದೇ ಶ್ರುತಿಗೆ ಮೊದಲೇ ಕೂಡಿಸಿದ ಎರಡು ಜೋಡಿ, ಹಾರ್ಮೋನಿಯಂ ಮೇಲೆ ಒಂದೇ ಲೆಹರಾ (ತಾಳಕ್ಕೆ ಆಸರೆಯಾಗಿ ಮರಳಿ ಮರಳಿ ನುಡಿಸುವ ಧುನ್) ಇರಲಿ. ಕೈಗೆ ರೂಢಿಯಾದ ವಾದ್ಯವೇ ಬೇಕು ಎಂಬ ಮಾತಿನಲ್ಲಿ ಹುರುಳಿದೆ. ಆದರೆ ಒಂದು ವಾರ ಅವೇ ಜೋಡಿಗಳ ಮೇಲೆ ತಾಲೀಮು ಮಾಡಿಸಿದರೆ ಆ ತೊಡಕೂ ನೀಗುತ್ತದೆ. ನಮ್ಮ ಬೇಸಿಗೆಯ ಒಣ ಸೆಕೆಗೆ ಚರ್ಮ ಬಿಗಿದು ಶ್ರುತಿ ಏರುವುದರಿಂದ, ಡಿಸೆಂಬರ್–ಜನವರಿಯ ಸಂಜೆಯೇ ಮೇಲು. ರಾತ್ರಿ 10ರ ನಂತರ ಧ್ವನಿವರ್ಧಕಕ್ಕೆ ನಿರ್ಬಂಧವಿದೆ. ಕಡೆಯ ಮಗುವಿನ ಸರದಿಯೂ ಅದಕ್ಕೆ ಮೊದಲೇ ಬರುವಂತೆ ಗುರುಗಳು ಯೋಜಿಸಬೇಕೆಂದು ವಿನಂತಿ.

– ಓದುಗರೊಬ್ಬರು, ಶಹಾಪುರ