ಸಿಟ್ಟು ನನ್ನ ಸ್ವಭಾವ ಅಂದ್ಕೊಂಡಿದ್ದೆ

"ನಂಗೆ ಸಿಟ್ಟು ಜಾಸ್ತಿ ಮಗಾ, ತಲೆ ಕೆಟ್ರೆ ನಾನು ಮನುಷ್ಯನೇ ಅಲ್ಲ." ಹಾಸ್ಟೆಲ್‌ನಲ್ಲಿ ವಾರಕ್ಕೊಮ್ಮೆಯಾದ್ರೂ ಕೇಳೋ ಮಾತಿದು. ನಾನೂ ಹೇಳ್ತಿದ್ದೆ, ಸ್ವಲ್ಪ ಹೆಮ್ಮೆಯಿಂದಲೇ.

ಮೂರನೇ ಸೆಮಿಸ್ಟರ್‌ನ ಇಂಟರ್ನಲ್ಸ್ ಮಾರ್ಕ್ಸ್ ಬಂದ ದಿನ ರೂಮ್‌ಮೇಟ್ "ಎಷ್ಟು ಬಂತೋ?" ಅಂತ ಕೇಳಿದ. ಅಷ್ಟೇ. ಅವನ ಕ್ಯಾಲ್ಕುಲೇಟರ್ ಎತ್ತಿ ಗೋಡೆಗೆ ಎಸೆದೆ. ಅವನು ಜಗಳ ಆಡಲಿಲ್ಲ, ಚೂರುಗಳನ್ನ ಆರಿಸಿಕೊಂಡ. ಆಮೇಲೆ ಎರಡು ವಾರ, ಲೈಟ್ ಹಾಕೋಕೂ "ಹಾಕ್ಲಾ?" ಅಂತ ಕೇಳ್ತಿದ್ದ. ತನ್ನದೇ ರೂಮಲ್ಲಿ ಒಬ್ಬ ನನಗೆ ಹೆದರಿಕೊಂಡು ಬದುಕ್ತಿದ್ದಾನೆ ಅಂತ ಗೊತ್ತಾದಾಗ ನನ್ನ ಹೆಮ್ಮೆ ಇಳೀತು. ಕೌನ್ಸೆಲರ್ ಹತ್ರ ಹೋದೆ.

ಇಂಗ್ಲಿಷ್ ಮೀಡಿಯಮ್ ಹುಡುಗ, ಇಂಗ್ಲಿಷಲ್ಲೇ ಶುರು ಮಾಡಿದೆ. ಸ್ಟ್ರೆಸ್, ಪ್ರೆಷರ್, ಫ್ರಸ್ಟ್ರೇಷನ್. ಅವರು "ಮನೇಲಿ ಯಾವ ಭಾಷೆ?" ಅಂತ ಕೇಳಿದ್ರು. ಕನ್ನಡದಲ್ಲಿ ಹೇಳೋಕೆ ಹೋದಾಗ ಬಾಯಿಗೆ ಬಂದದ್ದು ಬೇರೆಯೇ ಮಾತು: "ಅಪ್ಪಂಗೆ ಏನು ಹೇಳ್ಲಿ ಅಂತ ಭಯ ಆಗಿತ್ತು." ಸಿಟ್ಟು ಮೇಲೆ, ಭಯ ಕೆಳಗೆ. ಹುಡುಗರಿಗೆ ಅಳೋಕೆ, ಹೆದರೋಕೆ ಪರ್ಮಿಷನ್ ಇಲ್ಲ. ಕೂಗಾಡೋಕೆ ಮಾತ್ರ ಇದೆ. ಅದಕ್ಕೇ ಎಲ್ಲವೂ ಸಿಟ್ಟಾಗಿಯೇ ಹೊರಗೆ ಬರುತ್ತೆ.

ಅಲ್ಲಿ ಮಾಡಿಸಿದ್ದು ಮ್ಯಾಜಿಕ್ ಅಲ್ಲ. ಸಿಟ್ಟು ಬಂದಾಗೆಲ್ಲ ನಾಲ್ಕು ಸಾಲು ಬರೀಬೇಕು: ಏನಾಯ್ತು, ಮೈಯಲ್ಲಿ ಏನಾಯ್ತು, ಮನಸ್ಸಿಗೆ ಯಾವ ಯೋಚನೆ ಬಂತು, ನಾನೇನು ಮಾಡ್ದೆ. ಮೂರನೇ ಸಾಲೇ ಮುಖ್ಯ. ರೂಮ್‌ಮೇಟ್ ಕೇಳಿದ್ದು "ಎಷ್ಟು ಬಂತು?" ಅಂತ, ನಾನು ಕೇಳಿಸಿಕೊಂಡಿದ್ದು "ನೀನು ವೇಸ್ಟ್" ಅಂತ. ಘಟನೆಗೂ ಪ್ರತಿಕ್ರಿಯೆಗೂ ನಡುವೆ ಇರೋ ಆ ಯೋಚನೆಯನ್ನ ಹಿಡಿಯೋದೇ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿಯ ತಿರುಳು.

"ಸಿಟ್ಟನ್ನ ಹೊರಗೆ ಹಾಕಿಬಿಡು, ದಿಂಬಿಗೆ ಗುದ್ದು" ಅಂತಾರಲ್ಲ, ಅದೂ ಅಷ್ಟು ಸರಿಯಲ್ಲ. 2002ರಲ್ಲಿ ಮನಶ್ಶಾಸ್ತ್ರಜ್ಞ ಬ್ರಾಡ್ ಬುಶ್‌ಮನ್ ಕಾಲೇಜು ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಪ್ರಕಟಿಸಿದರು. ಸಿಟ್ಟು ಬರಿಸಿದವರನ್ನ ನೆನೆಸಿಕೊಂಡು ಪಂಚಿಂಗ್ ಬ್ಯಾಗಿಗೆ ಗುದ್ದಿದವರ ಸಿಟ್ಟು, ಸುಮ್ಮನೆ ಕೂತವರಿಗಿಂತ ಜಾಸ್ತಿಯೇ ಇತ್ತು.

"ಕೌನ್ಸೆಲಿಂಗ್ ಹುಚ್ಚರಿಗೆ" ಅನ್ನೋರಿಗೆ ಒಂದೇ ಪ್ರಶ್ನೆ: ಮಂಡಿ ನೋವಿಗೆ ಫಿಸಿಯೋ ಹತ್ರ ಹೋಗೋಕೆ ಕಾಲು ಮುರೀಲೇಬೇಕಾ? ಯಾರಿಗಾದ್ರೂ ಗೊತ್ತಾಗುತ್ತೆ ಅನ್ನೋ ಭಯ ಇದ್ರೆ, 2017ರ ಮಾನಸಿಕ ಆರೋಗ್ಯ ಕಾಯ್ದೆ ಗೌಪ್ಯತೆಯ ಹಕ್ಕು ಕೊಟ್ಟಿದೆ. ಎದುರು ಕೂತು ಮಾತಾಡೋಕೆ ಮುಜುಗರ ಅಂದ್ರೆ 14416ಕ್ಕೆ ಫೋನ್ ಮಾಡಿ. ಇದು 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ, ಉಚಿತ, ದಿನದ 24 ಗಂಟೆ. ಕನ್ನಡದಲ್ಲೇ ಮಾತಾಡಬಹುದು.

ನನಗೆ ಈಗಲೂ ಸಿಟ್ಟು ಬರುತ್ತೆ. ಬರಬಾರದು ಅಂತಲೂ ಇಲ್ಲ. ಅನ್ಯಾಯ ಕಂಡಾಗ ಬರಲೇಬೇಕು. ಆದ್ರೆ ಬಂದಾಗ ಈಗ ರೂಮಿಂದ ಎದ್ದು ಹೊರಗೆ ಹೋಗ್ತೀನಿ, ಬರೀತೀನಿ, ವಾಪಸ್ ಬಂದು ಮಾತಾಡ್ತೀನಿ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರಲ್ಲ ಅಂತ ಅಜ್ಜಿ ಹೇಳ್ತಿದ್ರು. ಕ್ಯಾಲ್ಕುಲೇಟರ್ ಹೊಸದು ತಂದುಕೊಟ್ಟೆ, ಅದು ಸುಲಭ. ರೂಮ್‌ಮೇಟ್ ಕೇಳದೆ ಲೈಟ್ ಹಾಕೋಕೆ ಮಾತ್ರ ಇನ್ನೂ ಒಂದು ತಿಂಗಳು ಬೇಕಾಯ್ತು.